ಕಂಪ್ಯೂಟರಿನಲ್ಲಿ ಫೋನು: ಅಗ್ಗ ಏಕೆ, ಎಲ್ಲಿಯವರೆಗೆ?

ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಪೋತ್ನಾಳದಂಥ ಊರಿನಿಂದ ಮಗನೋ ಮಗಳೋ ಓದಲೆಂದು ಬೆಂಗಳೂರಿಗೆ ಹೊರಟರೆ ಮನೆಯವರು ಹೇಳುವ ಕೊನೆಯ ಮಾತು ಒಂದೇ: 'ಮುಟ್ಟಿದ ಕೂಡ್ಲೇ ಫೋನ್ ಮಾಡು.' 1990ರ ದಶಕದಲ್ಲಿ ಈ ಮಾತು ನಡೆಸುವುದು ಸುಲಭವಿರಲಿಲ್ಲ. ಎಸ್‌ಟಿಡಿ ಬೂತಿನಲ್ಲಿ ಕಿವಿ ಮಾತಿನ ಮೇಲಿದ್ದರೆ ಕಣ್ಣು ಮೀಟರಿನ ಮೇಲೆ. ರಾತ್ರಿ ಹೊತ್ತೇರಿದಂತೆ ದರ ಇಳಿಯುತ್ತಿದ್ದುದರಿಂದ ಊಟ ಮುಗಿಸಿ ಬಂದು ಸರದಿಯಲ್ಲಿ ನಿಲ್ಲುವವರೇ ಹೆಚ್ಚು. ಕಂಪ್ಯೂಟರಿನಿಂದ ಅಗ್ಗವಾಗಿ ಮಾತನಾಡಬಹುದೆಂಬ ಸುದ್ದಿ ಬಂದದ್ದು ಅಂಥ ಕಾಲದಲ್ಲಿ.

ಅಗ್ಗವಾಗುವುದು ಹೇಗೆ? ಹಳೆಯ ದೂರವಾಣಿ ಪದ್ಧತಿಯಲ್ಲಿ ಕರೆ ಮುಗಿಯುವ ತನಕ ಎರಡು ತುದಿಗಳ ನಡುವೆ ಒಂದು ಹಾದಿಯನ್ನು ಕಾದಿರಿಸಬೇಕಿತ್ತು. ಇಬ್ಬರೂ ಸುಮ್ಮನಿದ್ದರೂ ಆ ಹಾದಿ ಇನ್ನೊಬ್ಬರಿಗೆ ಸಿಗದು. ಒಬ್ಬನೇ ಪ್ರಯಾಣಿಕ ಇಡೀ ಬಸ್ಸನ್ನು ಬಾಡಿಗೆಗೆ ಹಿಡಿದಂತೆ ಇದು. ಅಂತರಜಾಲದಲ್ಲಿ ಹಾಗಲ್ಲ. ಕಂಪ್ಯೂಟರು ದನಿಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕಿಗಳಾಗಿಸುತ್ತದೆ. ಆ ಅಂಕಿಗಳನ್ನು ಕುಗ್ಗಿಸಿ, ಸಾಮಾನ್ಯವಾಗಿ ಸೆಕೆಂಡಿಗೆ 50ರಂತೆ ಪುಟ್ಟ ಪೊಟ್ಟಣ ಕಟ್ಟಿ, ಪ್ರತಿಯೊಂದರ ಮೇಲೂ ವಿಳಾಸ ಬರೆದು ಕಳಿಸುತ್ತದೆ. ಬೇರೆಯವರ ಪತ್ರ, ಚಿತ್ರ, ಲೆಕ್ಕಪತ್ರಗಳ ಜೊತೆಯಲ್ಲೇ ಈ ಪೊಟ್ಟಣಗಳೂ ಸಾಗುತ್ತವೆ. ಇದು ಟಿಕೆಟ್ ಕೊಂಡು ಬಸ್ಸಿನಲ್ಲಿ ಒಂದು ಸೀಟು ಹಿಡಿದಂತೆ. ಬಸ್ಸು ತುಂಬಿದ್ದರೆ ತೊಂದರೆಯೂ ಉಂಟು: ಪೊಟ್ಟಣ ತಡವಾದರೆ ಮಾತು ಕಡಿದು ಕಡಿದು ಕೇಳುತ್ತದೆ.

ಈ ಪ್ರಯೋಗ ಅಮೆರಿಕದಲ್ಲಿ 1970ರ ದಶಕದಲ್ಲೇ ನಡೆದಿತ್ತು. ಇಸ್ರೇಲಿನ ವೋಕಲ್‌ಟೆಕ್ ಕಂಪನಿ ಜನಸಾಮಾನ್ಯರಿಗಾಗಿ 'ಇಂಟರ್‌ನೆಟ್ ಫೋನ್' ತಂತ್ರಾಂಶ ಹೊರತಂದದ್ದು 1995ರಲ್ಲಿ. ಅದೇ ವರ್ಷ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ತೆರೆಯಿತು.

ಆದರೆ ತಂತ್ರ ಬಂದ ಮಾತ್ರಕ್ಕೆ ಅನುಮತಿ ಬರಲಿಲ್ಲ. 1999ರ ಟೆಲಿಕಾಂ ನೀತಿ ಅಂತರಜಾಲ ದೂರವಾಣಿಗೆ ಅವಕಾಶ ಕೊಡಲಿಲ್ಲ. 2002ರ ಏಪ್ರಿಲ್ 1ರಂದು ಬಾಗಿಲು ತೆರೆಯಿತು, ಅದೂ ಅರ್ಧ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಎಲ್ಲಿಗಾದರೂ ಮಾತನಾಡಬಹುದು. ಕಂಪ್ಯೂಟರಿನಿಂದ ಹೊರದೇಶದ ಫೋನಿಗೂ ಕರೆ ಮಾಡಬಹುದು. ದೇಶದೊಳಗಿನ ಫೋನಿಗೆ ಮಾತ್ರ ಕೂಡದು. ಅಂದರೆ ಬೆಂಗಳೂರಿನ ಸೈಬರ್ ಕೆಫೆಯಲ್ಲಿ ಕೂತ ವಿದ್ಯಾರ್ಥಿ ನ್ಯೂಯಾರ್ಕಿನ ಫೋನು ಬಾರಿಸಬಹುದಿತ್ತು, ಪೋತ್ನಾಳದ ಮನೆಯ ಫೋನನ್ನಲ್ಲ! ದೂರವಾಣಿ ಕಂಪನಿಗಳು ಪರವಾನಗಿ ಶುಲ್ಕ ಕಟ್ಟಿ ನಡೆಸುತ್ತಿದ್ದ ವ್ಯಾಪಾರ ಅದು. ಅಗ್ಗದ ಮಾತು ಹಳ್ಳಿಮನೆಯ ಹೊಸ್ತಿಲ ತನಕ ಬಂದು ಅಲ್ಲೇ ನಿಂತಿತು. ಅದು ಒಳಗೆ ಬರಬೇಕಾದರೆ ಅಪ್ಪ ಅವ್ವನ ಬಳಿಯೂ ಕಂಪ್ಯೂಟರು ಇರಬೇಕಿತ್ತು.

2003ರಲ್ಲಿ ಬಂದ ಸ್ಕೈಪ್ ಜಗತ್ತಿನಾದ್ಯಂತ ಮನೆಮಾತಾಯಿತು. ಆದರೆ ಭಾರತದೊಳಗಿನ ಫೋನುಗಳಿಗೆ ಇಲ್ಲಿಂದಲೇ ಕರೆ ಮಾಡುವ ಸೌಲಭ್ಯವನ್ನು ಅದು 2014ರ ನವೆಂಬರಿನಲ್ಲಿ ನಿಲ್ಲಿಸಿತು. ಪರವಾನಗಿ ಪಡೆದ ಕಂಪನಿಗಳು ಅಂತರಜಾಲದ ಮೂಲಕ ಸಾಮಾನ್ಯ ಫೋನಿಗೂ ಕರೆ ಒದಗಿಸುವ ದಾರಿ ಸುಗಮವಾದದ್ದು 2018ರಲ್ಲಿ. ಅಷ್ಟರಲ್ಲಿ ಮೊಬೈಲೇ ಕಂಪ್ಯೂಟರಾಗಿ ಮನೆ ಸೇರಿತ್ತು. ಸ್ಕೈಪ್ ಕೂಡ 2025ರ ಮೇ ತಿಂಗಳಲ್ಲಿ ಮುಚ್ಚಿತು.

ಇಂದು ಖರ್ಚೆಷ್ಟು? ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಕುಗ್ಗಿಸಿದ ದನಿಗೆ ಸೆಕೆಂಡಿಗೆ 24 ಕಿಲೋಬಿಟ್, ಪೊಟ್ಟಣಗಳ ಮೇಲಿನ ವಿಳಾಸಕ್ಕೆ 16 ಕಿಲೋಬಿಟ್, ಒಟ್ಟು 40 ಎಂದಿಟ್ಟುಕೊಳ್ಳೋಣ. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ 5 ಕಿಲೋಬೈಟ್, ನಿಮಿಷಕ್ಕೆ 300. ಹೋಗುವ ಮಾತು, ಬರುವ ಮಾತು ಸೇರಿ 600. ಒಂದು ಗಂಟೆಗೆ 36 ಮೆಗಾಬೈಟ್. ಒಂದು ಜಿಬಿಯಲ್ಲಿ ಸುಮಾರು 28 ಗಂಟೆ ಮಾತನಾಡಬಹುದು. ಮುಖ ನೋಡುತ್ತ ಮಾತನಾಡಿದರೆ ಹಲವು ಪಟ್ಟು ಹೆಚ್ಚು ಡೇಟಾ ಬೇಕು. ತಿಂಗಳ ಕೊನೆಯಲ್ಲಿ ಡೇಟಾ ತೀರುತ್ತಿದ್ದರೆ ವಿಡಿಯೊ ಆರಿಸುವುದೇ ಮೊದಲ ಉಳಿತಾಯ.

ದೇಶದೊಳಗಿನ ಕರೆಗಳು ಈಗ ಹೆಚ್ಚಿನ ರೀಚಾರ್ಜುಗಳಲ್ಲೇ ಸೇರಿರುವುದರಿಂದ, ಅಂತರಜಾಲದ ಕರೆಯ ನಿಜವಾದ ಲಾಭ ಹೊರದೇಶದಲ್ಲಿ ಓದುವ, ದುಡಿಯುವ ಮಕ್ಕಳ ಮನೆಗಳಿಗೆ. ಆದರೂ ಹಳೆಯ ನಿಯಮ ಇನ್ನೊಂದು ರೂಪದಲ್ಲಿ ಉಳಿದಿದೆ: ಎರಡೂ ತುದಿಯಲ್ಲಿ ಸಂಪರ್ಕವಿರಬೇಕು, ಒಂದೇ ತಂತ್ರಾಂಶವಿರಬೇಕು. ಅವ್ವನ ಕೈಯಲ್ಲಿ ಬಟನ್ ಫೋನಿದ್ದರೆ ಮಾಮೂಲಿ ಕರೆಯೇ ಗತಿ. ಮನೆಯಲ್ಲಿ ಕರೆಂಟು ಹೋಗಿ ವೈಫೈ ಪೆಟ್ಟಿಗೆ ಆರಿದರೆ ಕಂಪ್ಯೂಟರಿನ ಮಾತೂ ನಿಲ್ಲುತ್ತದೆ. ವಾಟ್ಸ್‌ಆ್ಯಪ್‌ನಂಥವುಗಳಿಂದ 112ಕ್ಕೆ ತುರ್ತುಕರೆ ಮಾಡಲಾಗದು. ಅಗ್ಗದ ಕರೆ ಮೋಸಗಾರರಿಗೂ ಅಗ್ಗವೇ: ವಿಡಿಯೊದಲ್ಲಿ ಪೊಲೀಸ್ ವೇಷ ತೋರಿಸಿ 'ನಿಮ್ಮ ಮಗ ಸಿಕ್ಕಿಬಿದ್ದಿದ್ದಾನೆ, ಹಣ ಕಳಿಸಿ' ಎಂದರೆ ಕರೆ ಕತ್ತರಿಸಿ, ಮಗನ ಮಾಮೂಲಿ ನಂಬರಿಗೆ ಫೋನ್ ಮಾಡಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಬೇಕು.

ಆದ್ದರಿಂದ ದೂರದ ಕಾಲೇಜಿಗೆ ಹೊರಡುವ ಮಕ್ಕಳು ಬ್ಯಾಗು ಕಟ್ಟುವ ಮುನ್ನ ಅರ್ಧ ಗಂಟೆ ಮನೆಯವರ ಜೊತೆ ಕೂರುವುದು ಒಳ್ಳೆಯದು. ಪಕ್ಕದ ಕೋಣೆಯಿಂದಲೇ ಒಮ್ಮೆ ಕರೆ ಮಾಡಿ, ಎತ್ತುವುದು ಹೇಗೆ, ದನಿ ಕೇಳಿಸದಿದ್ದರೆ ಏನು ಮಾಡಬೇಕು ಎಂದು ತೋರಿಸಬೇಕು. ತಮ್ಮ ನಂಬರು, ಒಬ್ಬ ಗೆಳೆಯನ ನಂಬರು ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು.