ಶಹಬ್ಬಾಸ್‌ಗಿರಿಯ ಬೆಲೆ

ಸರ್ಕಾರಿ ಕಚೇರಿಗಳಲ್ಲಿ ಹೊಸ ವಿಚಾರ ಹುಟ್ಟುವುದಿಲ್ಲವೆಂಬುದು ಬಹುಕಾಲದಿಂದ ನಡೆದು ಬಂದಿರುವ ದೂರು. ಹೊರಗಿನವರ ಮಾತು ಹಾಗಿರಲಿ, ಒಳಗಿರುವ ನಮ್ಮಂಥ ಗುಮಾಸ್ತರೂ ಈ ದೂರಿಗೆ ತಲೆದೂಗುವುದುಂಟು. ಆದರೆ ಸ್ವಲ್ಪ ಸಮಾಧಾನದಿಂದ ನೋಡಿದರೆ ಇದು ಪೂರ್ತಿ ನಿಜವಲ್ಲವೆಂದು ತೋರುತ್ತದೆ. ವಿಚಾರಗಳು ಹುಟ್ಟುತ್ತವೆ, ಧಾರಾಳವಾಗಿಯೇ ಹುಟ್ಟುತ್ತವೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ, “ಈ ಕೆಲಸವನ್ನು ಹೀಗಲ್ಲ, ಹಾಗೆ ಮಾಡಿದ್ದರೆ ಅರ್ಧ ದಿನ ಉಳಿಯುತ್ತಿತ್ತು” ಎಂದು ಹೇಳದ ಗುಮಾಸ್ತನನ್ನು ನಾವು ಕಂಡಿಲ್ಲ. ಆದರೆ ಆ ವಿಚಾರ ಡಬ್ಬಿಯೊಡನೆಯೇ ಮುಚ್ಚಿಹೋಗುತ್ತದೆ. ಸಾಹೇಬರ ಮೇಜಿನವರೆಗೆ ಹೋಗುವುದಿಲ್ಲ. ಯಾಕೆ ಹೋಗುವುದಿಲ್ಲವೆಂಬುದೇ ಈ ಸಲದ ನಮ್ಮ ಅಂಕಣದ ವಿಷಯ.

ಕಾರಣ ಸೋಮಾರಿತನವೆಂದು ಹೇಳಿಬಿಡುವುದು ಸುಲಭ. ನಮ್ಮ ಎಣಿಕೆಯಲ್ಲಿ ಅದು ಸೋಮಾರಿತನವಲ್ಲ, ಶುದ್ಧ ಲೆಕ್ಕ. ಹಳೆಯ ದಾರಿಯಲ್ಲಿ ನಡೆದವನಿಗೆ ಯಾವ ಭಯವೂ ಇಲ್ಲ. ಕೆಲಸ ತಡವಾದರೂ “ಪದ್ಧತಿಯಂತೆ ಮಾಡಿದ್ದೇನೆ” ಎಂದು ಹೇಳಿ ಪಾರಾಗಬಹುದು. ಹೊಸ ದಾರಿ ಹಿಡಿದವನ ಪಾಡು ಬೇರೆ. ಅದು ಕೆಟ್ಟರೆ ಮೆಮೊ ಅವನ ಹೆಸರಿಗೇ ಬರುತ್ತದೆ. ಫಲಿಸಿದರೆ ಅವನ ಹೆಸರಿಗೆ ಏನೂ ಬರುವುದಿಲ್ಲ. ನಷ್ಟವೆಲ್ಲ ತನ್ನ ಪಾಲಿಗೆ, ಲಾಭವೆಲ್ಲ ಊರ ಪಾಲಿಗೆ ಎಂಬ ವ್ಯಾಪಾರಕ್ಕೆ ಯಾವ ಜಾಣ ತಾನೇ ಕೈಹಾಕಿಯಾನು? ಈ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡತಕ್ಕ ತೂಕದ ಕಲ್ಲೇ ಮೆಚ್ಚುಗೆ.

ನಾವು ಹಿಂದೆ ಕೆಲಸ ಮಾಡಿದ ಒಂದು ಕಚೇರಿಗೆ ನಿವೃತ್ತರಾದವರು ಔಷಧೋಪಚಾರದ ಬಿಲ್ಲುಗಳನ್ನು ಒಪ್ಪಿಸಲು ಬರುತ್ತಿದ್ದರು. ಇಂದು ಒಂದು ಕಾಗದ ಕಡಿಮೆ, ನಾಳೆ ಒಂದು ಸಹಿ ಕಡಿಮೆ ಎಂದು, ಎಪ್ಪತ್ತು ದಾಟಿದವರು ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಮೂರು ಮೂರು ಸಲ ಓಡಾಡುವುದನ್ನು ಎಲ್ಲರೂ ನೋಡುತ್ತಿದ್ದರು. ನೋಡಿ ಸುಮ್ಮನಿರಲಾರದವರು ಜತ್ತದ ಕಡೆಯ ಕನ್ನಡಿಗ ಜವಾನರೊಬ್ಬರು. ತುಂಬಿದ ಅರ್ಜಿಯ ಒಂದು ಮಾದರಿ, ಜೊತೆಗೆ ಬೇಕಾದ ಕಾಗದಗಳ ಒಂದೊಂದು ನಕಲು, ಇವನ್ನು ರಟ್ಟಿಗೆ ಅಂಟಿಸಿ ಕಿಟಕಿಯ ಪಕ್ಕದಲ್ಲಿ ತೂಗುಹಾಕಿದರು. ಸಹಿ ಮಾಡಬೇಕಾದ ಕಡೆಯಲ್ಲೆಲ್ಲ ಕೆಂಪು ಗುರುತು ಇಟ್ಟರು. ತಿಂಗಳೊಪ್ಪತ್ತಿನಲ್ಲಿ ಕಿಟಕಿಯ ಮುಂದಿನ ಸಾಲು ಕರಗಿತು. ವರ್ಷದ ಕೊನೆಯ ವರದಿಯಲ್ಲಿ ಈ ಸುಧಾರಣೆ “ಅಧಿಕಾರಿಗಳ ಮಾರ್ಗದರ್ಶನದಲ್ಲಿ” ಆಯಿತೆಂದು ಅಚ್ಚಾಯಿತು. ಜವಾನರು ಜಗಳವಾಡಲಿಲ್ಲ. ಮರುವರ್ಷ ಹಳೆಯ ಕಡತಗಳ ಕೋಣೆಯನ್ನು ಹೊಂದಿಸಲು ಏನಾದರೂ ಉಪಾಯ ಹೇಳಿರೆಂದು ನಾವೇ ಕೇಳಿದಾಗ, “ಬಿಡ್ರಿ ಸಾಹೇಬ್ರ, ಹೇಳಿದ ಕೆಲಸ ಮಾಡ್ಕೊಂಡ ಹೋಗೂದು ಚಲೋ” ಎಂದು ಹೊರಟುಹೋದರು. ಅಂದು ಕಚೇರಿಗೆ ಆದ ನಷ್ಟವನ್ನು ಯಾವ ಆಡಿಟಿನವರೂ ಬರೆದುಕೊಳ್ಳಲಿಲ್ಲ.

ದುಡಿದವನ ಹೆಸರು ಹೀಗೆ ಜಾರಿಹೋಗುವುದು ಇಂದು ನಿನ್ನೆಯ ರೋಗವಲ್ಲ. ನಮ್ಮ ದೇಶದಲ್ಲಿಯೇ ಇದಕ್ಕೆ ಒಂದು ದೊಡ್ಡ ಉದಾಹರಣೆಯಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಯೋಗ್ಯ. 1890ರ ದಶಕದಲ್ಲಿ ಬಂಗಾಳದ ಪೊಲೀಸ್ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಎಡ್ವರ್ಡ್ ಹೆನ್ರಿಯವರಿಗೆ ಬೆರಳಚ್ಚಿನ ಮೂಲಕ ಅಪರಾಧಿಗಳನ್ನು ಗುರುತಿಸಬೇಕೆಂಬ ಹಂಬಲವಿತ್ತು. ಒಬ್ಬರ ಬೆರಳಚ್ಚು ಇನ್ನೊಬ್ಬರದರಂತೆ ಇರುವುದಿಲ್ಲವೆಂಬುದು ಆ ವೇಳೆಗೆ ತಿಳಿದಿತ್ತು. ಉಳಿದ ತೊಡಕು ಶುದ್ಧ ಗುಮಾಸ್ತಗಿರಿಯ ತೊಡಕು: ಸಾವಿರಾರು ಕಾಗದಗಳ ರಾಶಿಯಿಂದ ಬೇಕಾದ ಒಂದೇ ಒಂದು ಕಾಗದವನ್ನು ಹುಡುಕಿ ತೆಗೆಯುವುದು ಹೇಗೆ?

ದಾರಿ ಕಂಡವರು ಅವರ ಕೈಕೆಳಗಿನ ಇಬ್ಬರು ಸಬ್ ಇನ್‌ಸ್ಪೆಕ್ಟರರು: ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹಕ್ ಅವರು ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದವರು, ಗಣಿತದಲ್ಲಿ ಗಟ್ಟಿಗರು. ಹತ್ತು ಬೆರಳುಗಳನ್ನು ಐದು ಜೋಡಿ ಮಾಡಿ, ಪ್ರತಿ ಬೆರಳಿನಲ್ಲಿ ಸುಳಿ ಇದೆಯೋ ಇಲ್ಲವೋ ಎಂದಷ್ಟೇ ನೋಡಿದರೆ ಒಂದು ಜೋಡಿಗೆ 4 ಬಗೆಗಳಾಗುತ್ತವೆ. ಐದು ಜೋಡಿಗೆ ನಾಲ್ಕನ್ನು ನಾಲ್ಕರಿಂದ ಗುಣಿಸುತ್ತ ಹೋದರೆ 1024. ಅಂದರೆ 32 ಸಾಲು, ಸಾಲಿಗೆ 32 ಗೂಡು. ಹೀಗೆ ಗೂಡು ಗೂಡಾಗಿ ಕಾಗದಗಳನ್ನು ವಿಂಗಡಿಸಿ ಇಡುವ ಗಣಿತ ಹಕ್ ಅವರದು. ಬೋಸ್ ಅವರು ಅದಕ್ಕೆ ಒಳವಿಂಗಡಣೆಯನ್ನು ಸೇರಿಸಿದರು. ಬೆರಳಚ್ಚಿನ ವಿವರವನ್ನು ತಂತಿಯಲ್ಲಿ ಕಳಿಸುವ ಸಂಕೇತವನ್ನೂ ರಚಿಸಿದರು. 1897ರಲ್ಲಿ ಕಲಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಪ್ರಾರಂಭವಾಯಿತು. 1901ರಲ್ಲಿ ಹೆನ್ರಿಯವರು ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಹೋದರು. ಪದ್ಧತಿಯೂ ಅವರೊಡನೆ ಹೋಗಿ “ಹೆನ್ರಿ ಪದ್ಧತಿ” ಎಂಬ ಹೆಸರಿನಿಂದ ಲೋಕವನ್ನೆಲ್ಲ ಸುತ್ತಿತು.

ಹಾಗೆಂದು ಸರ್ಕಾರ ಆ ಇಬ್ಬರನ್ನು ಪೂರ್ತಿ ಮರೆಯಿತೆಂದು ಹೇಳಲಾಗದು. ಹಕ್ ಅವರಿಗೆ 1913ರಲ್ಲಿ ಖಾನ್ ಬಹಾದ್ದೂರ್, ಬೋಸ್ ಅವರಿಗೆ 1924ರಲ್ಲಿ ರಾಯ್ ಬಹಾದ್ದೂರ್ ಬಿರುದು ಬಂದವು. ತಲಾ 5000 ರೂಪಾಯಿ ಗೌರವಧನವೂ ದೊರೆಯಿತು. ಹಕ್ ಅವರು ತಾವಾಗಿ ಅರ್ಜಿ ಹಾಕಿಕೊಂಡ ಮೇಲೆ, 1926ರಲ್ಲಿ, ತಮ್ಮ ಸಿಬ್ಬಂದಿಯಲ್ಲಿ ಈ ಕೆಲಸಕ್ಕೆ ಎಲ್ಲರಿಗಿಂತ ಹೆಚ್ಚು ನೆರವಾದವರು ಅವರೇ ಎಂದು ಹೆನ್ರಿಯವರು ಬರೆದುಕೊಟ್ಟರು. ಮಾತು ನ್ಯಾಯವಾದದ್ದೇ, ಆದರೆ ಕಚೇರಿ ತೆರೆದು ಆಗಲೇ 29 ವರ್ಷಗಳಾಗಿದ್ದವು. ಅಷ್ಟು ವರ್ಷ ಇದನ್ನು ನೋಡುತ್ತಿದ್ದ ಮೂರನೆಯ, ನಾಲ್ಕನೆಯ ಸಬ್ ಇನ್‌ಸ್ಪೆಕ್ಟರನು ಏನು ಪಾಠ ಕಲಿತಿರಬೇಕು? ಮೆಚ್ಚುಗೆಯ ಗುಣವೇ ಅಂಥದು. ಅದು ಪಡೆದವನಿಗಿಂತಲೂ ಪಕ್ಕದಲ್ಲಿ ನಿಂತು ನೋಡಿದವನ ಮೇಲೆ ಹೆಚ್ಚು ಕೆಲಸ ಮಾಡುತ್ತದೆ. ತಡವಾಗಿ ಬಂದ ಬಿರುದು ಒಬ್ಬನ ಮನೆಯ ಗೋಡೆಯನ್ನು ಅಲಂಕರಿಸೀತು. ಹೊತ್ತಿಗೆ ಸರಿಯಾಗಿ ಬಂದ ಒಂದು ಶಹಬ್ಬಾಸ್ ಹತ್ತು ಜನರ ಬಾಯಿ ಬಿಡಿಸುತ್ತದೆ.

ಈ ಗುಟ್ಟನ್ನು ಅರಿತವರು ಆ ಕಾಲದಲ್ಲಿಯೂ ಇದ್ದರು. ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ ಹಡಗು ಕಟ್ಟುತ್ತಿದ್ದ ವಿಲಿಯಂ ಡೆನ್ನಿ ಕಂಪನಿಯವರು 1880ರಲ್ಲಿಯೇ, ಕೆಲಸದಲ್ಲಿ ಸುಧಾರಣೆ ತಂದ ಕೆಲಸಗಾರರಿಗೆ ಬಹುಮಾನ ಕೊಡುವ ಏರ್ಪಾಡು ಮಾಡಿದರು. ಅಮೆರಿಕದ ಕೊಡಕ್ ಕಂಪನಿಯಲ್ಲಿ 1898ರಲ್ಲಿ ಸಲಹೆಗಳಿಗೆ ಬಹುಮಾನ ಕೊಡಲು ಪ್ರಾರಂಭಿಸಿದಾಗ ಮೊದಲನೆಯದು ಯಾವ ಮಹಾ ಸಂಶೋಧನೆಗೂ ಹೋಗಲಿಲ್ಲ. ಕಿಟಕಿಯ ಗಾಜುಗಳನ್ನು ತೊಳೆದರೆ ಕೆಲಸದ ಜಾಗದಲ್ಲಿ ಬೆಳಕು ಹೆಚ್ಚುವುದೆಂದು ಹೇಳಿದ ಕೆಲಸಗಾರನಿಗೆ 2 ಡಾಲರ್ ಕೊಟ್ಟರು. ವಾಚಕರು ನಗಬಾರದು. ಇಲ್ಲಿ ಚಿಕ್ಕ ಮಾತನ್ನೂ ಕೇಳುವ ಕಿವಿಯಿದೆಯೆಂದು ಆ ಎರಡು ಡಾಲರ್ ಕಾರ್ಖಾನೆಗೆಲ್ಲ ಸಾರಿತು.

ಜಪಾನಿನ ಟೊಯೋಟ ಮೋಟಾರು ಕಂಪನಿಯ ಎಯ್ಜಿ ಟೊಯೋಡ ಅವರು 1950ರಲ್ಲಿ ಅಮೆರಿಕದ ಫೋರ್ಡ್ ಕಾರ್ಖಾನೆಗೆ ಹೋಗಿ ಅಲ್ಲಿದ್ದ ಸಲಹಾ ಪದ್ಧತಿಯನ್ನು ನೋಡಿ ಬಂದರು. 1951ರಲ್ಲಿ ತಮ್ಮಲ್ಲಿಯೂ ಅದು ಜಾರಿಗೆ ಬಂತು. ಅಲ್ಲಿ ಕೊಡುವ ಬಹುಮಾನಗಳಲ್ಲಿ ಬಹುಪಾಲು ಅಲ್ಪ ಮೊತ್ತದವು. ಪದ್ಧತಿಯ ಬಲ ಹಣದಲ್ಲಿಲ್ಲ. ಮೇಲ್ವಿಚಾರಕನು ಸಲಹೆಯನ್ನು ಓದಿ, ಕೊಟ್ಟವನೊಡನೆ ಮಾತಾಡಿ, ಸಾಧ್ಯವಾದರೆ ಅವನ ಕೈಯಿಂದಲೇ ಅದನ್ನು ಮಾಡಿಸುವುದರಲ್ಲಿದೆ. ನಮ್ಮ ಕಡೆಯ ಎಷ್ಟೋ ಕಚೇರಿಗಳಲ್ಲಿಯೂ ಸಲಹಾ ಪೆಟ್ಟಿಗೆಯುಂಟು, ಅದಕ್ಕೆ ಬೀಗವೂ ಉಂಟು. ಬೀಗದ ಕೈ ಯಾರಲ್ಲಿದೆಯೆಂಬುದು ಮಾತ್ರ ಯಾರಿಗೂ ತಿಳಿಯದು.

ನಮ್ಮ ದೇಶದಲ್ಲಿ ಏನೂ ನಡೆದಿಲ್ಲವೆಂದಲ್ಲ. ಕಾರ್ಖಾನೆ, ಗಣಿ, ತೋಟ, ಬಂದರುಗಳ ಕೆಲಸಗಾರರು ಕೊಟ್ಟ ಉತ್ತಮ ಸಲಹೆಗಳಿಗಾಗಿ ಕೇಂದ್ರ ಸರ್ಕಾರ 1965ರಲ್ಲಿ ಶ್ರಮವೀರ ಪ್ರಶಸ್ತಿಗಳನ್ನು ಸ್ಥಾಪಿಸಿತು. ಅವಕ್ಕೆ ಮುಂದೆ ವಿಶ್ವಕರ್ಮ ರಾಷ್ಟ್ರೀಯ ಪುರಸ್ಕಾರವೆಂದು ಹೆಸರಾಯಿತು. ಟಾಟಾ ಸಮೂಹದವರು ಈ ಶತಮಾನದ ಮೊದಲ ದಶಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಧೈರ್ಯದಿಂದ ಮಾಡಿ ಸೋತ ಪ್ರಯತ್ನಗಳಿಗೂ “ಡೇರ್ ಟು ಟ್ರೈ” ಎಂಬ ಪ್ರಶಸ್ತಿಯನ್ನಿಟ್ಟರು. ಮೆಮೊದ ಭಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನಮಗೆ ತೋಚದು. ಆದರೆ ದೊಡ್ಡ ಪ್ರಶಸ್ತಿಗಳು ದೊರೆಯುವುದು ಕೆಲವರಿಗೆ. ಶಾಖೆಯ ಮೂಲೆಯ ಮೇಜಿಗೆ ಬೇಕಾದದ್ದು ಶಾಖೆಯಲ್ಲಿಯೇ ಸಿಗಬೇಕು.

ಇದರಲ್ಲಿ ಎಚ್ಚರಿಕೆಯೂ ಬೇಕು. ಸರದಿಯ ಮೇಲೆ ತಿಂಗಳಿಗೊಬ್ಬರ ಭಾವಚಿತ್ರ ತೂಗುಹಾಕಿದರೆ ಅದು ಮೆಚ್ಚುಗೆಯಲ್ಲ, ಹಾಜರಿ. ಐವರು ಕೂಡಿ ಮಾಡಿದ ಕೆಲಸಕ್ಕೆ ಒಬ್ಬನ ಕೊರಳಿಗೆ ಹಾರ ಹಾಕಿದರೆ ಉಳಿದ ನಾಲ್ವರು ಮುಂದೆ ಕೈಕಟ್ಟಿ ಕೂಡುತ್ತಾರೆ. ನಮಗೆ ತೋರುವ ಮಟ್ಟಿಗೆ ಮೂರು ನಿಯಮಗಳು ಸಾಕು. ಒಂದು, ಉಪಾಯ ಯಾರದೋ ಅವರ ಹೆಸರು ಕಡತದ ಟಿಪ್ಪಣಿಯಲ್ಲಿಯೇ ಮೊದಲು ಬರಲಿ. ಕಡತ ಕಂಪ್ಯೂಟರಿಗೆ ಏರಿರುವ ಈ ಕಾಲದಲ್ಲಿ ಇದಕ್ಕೆ ಒಂದು ಸಾಲಿನ ಖರ್ಚೂ ಇಲ್ಲ. ಎರಡು, ಹದಿನೈದು ದಿನಗಳೊಳಗೆ ಉತ್ತರ ಬರಲಿ. ಆಗದ ಸಲಹೆಯಾದರೆ ಯಾಕೆ ಆಗದೆಂದು ಎರಡು ಮಾತಿನಲ್ಲಿ ತಿಳಿಸಲಿ. ಮೂರು, ಪ್ರಾಮಾಣಿಕವಾಗಿ ಯತ್ನಿಸಿ ಸೋತವನಿಗೆ ದಂಡನೆ ಬೇಡ. ಇವುಗಳಲ್ಲಿ ಯಾವುದಕ್ಕೂ ಹಣಕಾಸು ಇಲಾಖೆಯ ಮಂಜೂರಾತಿ ಬೇಕಾಗದು.

ಸಂಘಸಂಸ್ಥೆಗಳಿಗೂ ಮನೆಗೂ ಈ ಮಾತು ಸಲ್ಲುತ್ತದೆ. ನಮ್ಮ ರಾಜ್ಯೋತ್ಸವದ ವಂದನಾರ್ಪಣೆಯಲ್ಲಿ ಅಧ್ಯಕ್ಷರ ಹೆಸರು ನಾಲ್ಕು ಸಲ ಬರುತ್ತದೆ. ಐನೂರು ಎಲೆಯ ಊಟ ಗದ್ದಲವಿಲ್ಲದೆ ಸಾಗುವಂತೆ ಪಂಕ್ತಿಗಳನ್ನು ಹೊಂದಿಸಿದ ತಾಯಂದಿರು “ಮತ್ತು ಇತರರು” ಎಂಬುದರಲ್ಲಿ ಅಡಗಿಬಿಡುತ್ತಾರೆ. ಮರುವರ್ಷ ಯಾರೂ ಮುಂದೆ ಬರುವುದಿಲ್ಲವೆಂದು ಆಮೇಲೆ ನಾವೇ ಪೇಚಾಡುತ್ತೇವೆ.

ಆದ್ದರಿಂದ ವಾಚಕರಲ್ಲಿ ಒಂದು ವಿನಂತಿ. ತಮ್ಮ ತಮ್ಮ ಕಚೇರಿ, ಕಾರ್ಖಾನೆ, ಶಾಲೆಗಳಲ್ಲಿ ಕೈಕೆಳಗಿನವರು ಕಂಡುಕೊಂಡ ಚಿಕ್ಕಪುಟ್ಟ ಉಪಾಯಗಳನ್ನು ಅವರ ಒಪ್ಪಿಗೆ ಪಡೆದು ನಮಗೆ ಬರೆದು ಕಳಿಸಿರಿ. ಮುಂದಿನ ಸಂಚಿಕೆಗಳಲ್ಲಿ ಈ ಅಂಕಣದಲ್ಲಿಯೇ ಪ್ರಕಟಿಸುವೆವು. ಕಳಿಸಿದವರ ಹೆಸರನ್ನು ಕೊನೆಯಲ್ಲಿ ಹಾಕುವೆವು. ಉಪಾಯ ಕಂಡವರ ಹೆಸರನ್ನು ಮೊದಲಲ್ಲಿ.