ಅಕ್ಕನ ಜೊತೆ ಮೂರು ದಿನ, ಕಾರಣ ಏನೂ ಇಲ್ಲ

ಪ್ರತಿ ಫೆಬ್ರವರಿ ನಾನು ಚೀಲ ಹಿಡಿದು ಹೊರಟಾಗ ಪುಣೆಯ ನಮ್ಮ ಸೊಸೈಟಿಯ ಗೇಟಿನ ಹತ್ತಿರ ಯಾರಾದರೂ ಕೇಳಿಯೇ ಕೇಳುತ್ತಾರೆ. ಊರಲ್ಲಿ ಏನು ಕಾರ್ಯಕ್ರಮ? ಲಗ್ನವೇ? ಯಾರಿಗಾದರೂ ಹುಷಾರಿಲ್ಲವೇ? ಏನೂ ಇಲ್ಲ, ಅಕ್ಕನ ಜೊತೆ ಮೂರು ದಿನ ತಿರುಗಾಡಿ ಬರುತ್ತೇನೆ ಎಂದರೆ ಒಂದು ಕ್ಷಣ ಸುಮ್ಮನಾಗುತ್ತಾರೆ. ಕೇಳಿದವರು ಮರಾಠಿಯವರಿರಲಿ, ಕನ್ನಡದವರಿರಲಿ, ಆ ಮೌನ ಮಾತ್ರ ಒಂದೇ ಥರ. ನನಗೀಗ 59, ಅಕ್ಕನಿಗೆ 63. ಈ ವಯಸ್ಸಿನಲ್ಲೂ ಸುಮ್ಮನೆ ಹೊರಡುವುದು ಎಂದರೆ ಏನೋ ಮುಚ್ಚಿಡುತ್ತಿದ್ದೇವೆ ಎಂಬ ಅನುಮಾನ.

ಹೆಂಗಸರ ಪ್ರಯಾಣಕ್ಕೆ ನಮ್ಮಲ್ಲಿ ಕಾರಣದ ಚೀಟಿ ಬೇಕು. ಮಗಳ ಬಾಣಂತನ, ತಮ್ಮನ ಮಗನ ಜವಳ, ಯಾರದೋ ಆಪರೇಷನ್ನು, ತೀರಿಕೊಂಡವರ ದಿನ. ಹರಕೆಯೂ ನಡೆಯುತ್ತದೆ. ಇವೆಲ್ಲ ಹೆಚ್ಚುಕಡಿಮೆ ಬೇರೆಯವರ ಕೆಲಸಗಳೇ. ಒಡಹುಟ್ಟಿದವಳನ್ನು ಸುಮ್ಮನೆ ಕಾಣುವುದು ಈ ಪಟ್ಟಿಯಲ್ಲಿ ಇಲ್ಲ. ಅದನ್ನು ಸೇರಿಸಬೇಕು, ಅದೂ ತವರುಮನೆಯ ಬಾಗಿಲು ಮುಚ್ಚುವ ಮೊದಲು ಸೇರಿಸಬೇಕು ಎನ್ನುವುದು ನನ್ನ ವಾದ.

ತವರುಮನೆಯ ಮಾತು ಯಾಕೆ ಬಂತೆಂದರೆ, ಅಕ್ಕತಂಗಿಯರು ಭೇಟಿಯಾಗಲೆಂದೇ ನಮ್ಮಲ್ಲಿ ಒಂದು ಹಬ್ಬವಿಲ್ಲ. ನಮ್ಮ ಉತ್ತರ ಕರ್ನಾಟಕದ ಕಡೆ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಮದುವೆಯಾದ ಹೆಣ್ಣುಮಕ್ಕಳನ್ನು ಕರೆತರುತ್ತಾರೆ. ಜೋಕಾಲಿ, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು. ಹಬ್ಬ ಅಣ್ಣ-ತಂಗಿಯರದು, ಅವ್ವ-ಮಗಳದು. ಅಕ್ಕತಂಗಿಯರು ಅಲ್ಲಿ ಒಟ್ಟಿಗೆ ಸಿಗುವುದು ಆಕಸ್ಮಿಕ, ಇಬ್ಬರೂ ಒಂದೇ ಮನೆಗೆ ಬಂದಿರುತ್ತಾರೆ ಅಷ್ಟೆ. ಆ ಮನೆ ಹೋದ ಮೇಲೆ ಅವರನ್ನು ಕೂಡಿಸುವವರು ಯಾರೂ ಇಲ್ಲ.

ನಮ್ಮ ಅವ್ವನಿಗೆ ಹೀಗೇ ಆಯಿತು. ಅವಳ ತಂಗಿ, ಅಂದರೆ ನಮ್ಮ ಚಿಕ್ಕಮ್ಮ, ಇದ್ದದ್ದು ಒಂದೇ ಬಸ್ಸಿನ ದಾರಿಯಲ್ಲಿ. ಅಜ್ಜಿ ಬದುಕಿರುವವರೆಗೆ ಪಂಚಮಿಗೆ ಇಬ್ಬರೂ ಸೇರುತ್ತಿದ್ದರು. ಅಜ್ಜಿ ಹೋದ ಮೇಲೆ ಲಗ್ನದ ಮನೆಗಳಲ್ಲಿ ಕಂಡರು. ಅಲ್ಲಿ ಒಬ್ಬಳು ಅಕ್ಕಿ ಆರಿಸುತ್ತಿದ್ದರೆ ಇನ್ನೊಬ್ಬಳು ಬೀಗರ ಕಡೆಯವರಿಗೆ ಚಹಾ ಒಯ್ಯುತ್ತಿದ್ದಳು. ಚಿಕ್ಕಮ್ಮ ತೀರಿಕೊಂಡ ದಿನ ಅವ್ವ ಅಳಲಿಲ್ಲ. ನಾಲ್ಕು ದಿನ ಬಿಟ್ಟು ರೊಟ್ಟಿ ಬಡಿಯುತ್ತ, "ಇಬ್ರೂ ಕೂಡಿ ಒಂದ್ ಊರಿಗೂ ಹೋಗಲಿಲ್ಲ ನೋಡವಾ" ಅಂದಳು. ಮತ್ತೆ ಆ ವಿಷಯ ಎತ್ತಲಿಲ್ಲ.

ಅವ್ವನೂ ಹೋದ ಮೇಲೆ ಗದಗದ ಕಡೆಯ ನಮ್ಮ ಮನೆ ಮಾರಾಟಕ್ಕೆ ಬಂತು. ಸಹಿ ಹಾಕಲು ಇಬ್ಬರನ್ನೂ ಕರೆದರು. ಹಾಕಿದೆವು. ಆ ದಿನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಆದರೆ ಹೊರಡುವ ಮೊದಲು ಅಕ್ಕ ಹಿತ್ತಲಿಗೆ ಹೋಗಿ ಕುರ್ಚಿಗೆ ತೆಗೆದುಕೊಂಡು ಕರಿಬೇವಿನ ಗಿಡದ ಬುಡ ಕೆದಕತೊಡಗಿದಳು. ಕರಿಬೇವಿನ ಟೊಂಗೆ ನೆಟ್ಟರೆ ಹತ್ತುವುದು ಅಪರೂಪ. ದೊಡ್ಡಪತ್ರೆ, ಬಸಳೆಯ ಹಾಗಲ್ಲ ಅದು. ಬೀಜ ತಾಜಾ ಇದ್ದಾಗಲೇ ಹಾಕಬೇಕು, ಒಣಗಿದರೆ ಕೆಲಸಕ್ಕೆ ಬಾರದು. ಖಾತ್ರಿಯ ದಾರಿಯೆಂದರೆ ಬೇರಿನಿಂದ ಮೇಲೆದ್ದ ಮರಿ. ತಾಯಿಬೇರಿನ ಒಂದು ತುಂಡು ಅದರ ಜೊತೆಗೇ ಬರಬೇಕು. ಅಕ್ಕ ಎರಡು ಮರಿ ಕಿತ್ತಳು. ಮಣ್ಣು ಉದುರದಂತೆ ಅವ್ವನ ಹಳೆಯ ಸೀರೆಯ ಚಿಂದಿಯಲ್ಲಿ ಸುತ್ತಿ ಒಂದನ್ನು ನನ್ನ ಕೈಗಿಟ್ಟಳು.

ನನ್ನದು ಸತ್ತಿತು. ನಾಲ್ಕನೆಯ ಮಹಡಿಯ ಬಾಲ್ಕನಿ, ಪ್ಲಾಸ್ಟಿಕ್ ಕುಂಡ, ಪ್ರೀತಿ ಹೆಚ್ಚಾಗಿ ದಿನಕ್ಕೆರಡು ಸಲ ನೀರು. ಬೇರು ಕೊಳೆಯಿತು. ಅಕ್ಕನಿಗೆ ಹೇಳಲು ಎರಡು ತಿಂಗಳು ಧೈರ್ಯ ಬರಲಿಲ್ಲ. ಫೋನಿನಲ್ಲಿ ದಿನವೂ ಮಾತಾಡುತ್ತಿದ್ದೆವು, ಗಿಡ ಹೇಗಿದೆ ಎಂದರೆ ಚೆನ್ನಾಗಿದೆ ಎನ್ನುತ್ತಿದ್ದೆ.

ಫೋನಿನ ಬಗ್ಗೆ ನನಗೊಂದು ತಕರಾರಿದೆ. ಈಗೇನು, ವಿಡಿಯೋ ಕಾಲ್ ಇದೆಯಲ್ಲ ಎನ್ನುವವರು ಬಹಳ ಜನ. ಫೋನಿನಲ್ಲಿ ನಾವು ವರದಿ ಒಪ್ಪಿಸುತ್ತೇವೆ. ಇವತ್ತು ಏನು ಪಲ್ಯ, ಬಿ.ಪಿ. ಎಷ್ಟು, ಮೊಮ್ಮಗಳು ನಡೆದಳೇ. ಫೋನು ಹಿಡಿದು ಹತ್ತು ನಿಮಿಷ ಸುಮ್ಮನೆ ಕೂರಲು ಆಗುವುದಿಲ್ಲ. ಅಕ್ಕತಂಗಿಯರ ನಡುವಿನ ನಿಜವಾದ ಮಾತು ಬರುವುದೇ ಆ ಹತ್ತು ನಿಮಿಷದ ನಂತರ.

ಗಿಡ ಸತ್ತದ್ದನ್ನು ಒಪ್ಪಿಕೊಂಡ ಮೇಲೆ ಇನ್ನೊಂದು ಮರಿ ತರುವ ನೆಪದಲ್ಲಿ ಧಾರವಾಡಕ್ಕೆ ಅಕ್ಕನ ಮನೆಗೆ ಹೋದೆ. ನಾಲ್ಕು ದಿನ ಇದ್ದೆ. ನಾಲ್ಕೂ ದಿನ ಅಕ್ಕ ಅಡುಗೆಮನೆಯಲ್ಲಿದ್ದಳು. ತಂಗಿ ಬಂದಿದ್ದಾಳೆಂದು ಒಂದು ದಿನ ಶೇಂಗಾ ಹೋಳಿಗೆ, ಒಂದು ದಿನ ಮಾದಲಿ, ಒಂದು ದಿನ ಎಣ್ಣೆಗಾಯಿ. ಕೈಜೋಡಿಸಲು ಹೋದರೆ ಅವಳ ಸೊಸೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಅಕ್ಕ ಪುಣೆಗೆ ಬಂದರೆ ಇದೇ ಕತೆ ಉಲ್ಟಾ. ಆಗ ಹೊಳೆದದ್ದು ಇದು: ಅವಳ ಮನೆಯಲ್ಲೂ ಬೇಡ, ನನ್ನ ಮನೆಯಲ್ಲೂ ಬೇಡ, ಮೂರನೆಯ ಊರು ಬೇಕು. ಒಲೆ ಇಬ್ಬರದೂ ಆಗಿರಬಾರದು.

ಮೊದಲ ಊರು ಬಾದಾಮಿ. ಅವಳು ಗದಗದ ಕಡೆಯಿಂದ ರೈಲಿನಲ್ಲಿ ಬಂದಳು, ನಾನು ಸೊಲ್ಲಾಪುರ, ವಿಜಯಪುರದ ಕಡೆಯಿಂದ. ಅವಳ ಚೀಲದಲ್ಲಿ ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಒದ್ದೆ ಗೋಣಿಯಲ್ಲಿ ಸುತ್ತಿದ ಕರಿಬೇವಿನ ಮರಿ. ನನ್ನ ಚೀಲದಲ್ಲಿ ಭಾಕರವಡಿ, ಪುರಂದರದ ಅಂಜೂರ. ಅಂಜೂರವನ್ನು ಗುಹೆಗಳ ಹತ್ತಿರ ಒಂದು ಮಂಗ ಕಸಿದುಕೊಂಡಿತು. ಬಾದಾಮಿಗೆ ಹೋದವರಿಗೆ ಇದು ಹೊಸದಲ್ಲ.

ಮಧ್ಯಾಹ್ನ ಬನಶಂಕರಿ ಗುಡಿಯ ಮುಂದೆ ಊಟ. ಸುತ್ತಲಿನ ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು ತಂದು ಮಾರುತ್ತಾರೆ. ಜಾತ್ರೆ ಮುಗಿದಿತ್ತು, ಜನ ಕಡಿಮೆ. ನೆಲದ ಮೇಲೆ ಕೂತು ತಿಂದೆವು. ಅಕ್ಕ ಇನ್ನೊಂದು ರೊಟ್ಟಿ ಕೇಳಿದಳು, ಮತ್ತೊಂದು ಕೇಳಿದಳು. ಅವಳು ಬಿಸಿಯಾಗಿ ಬಡಿಸಿಕೊಂಡು, ಕೂತ ಜಾಗದಿಂದ ಏಳದೆ ಉಂಡದ್ದನ್ನು ನಾನು ಯಾವಾಗ ನೋಡಿದ್ದೆ ಎಂದು ಯೋಚಿಸಿದೆ. ನೆನಪಾಗಲಿಲ್ಲ.

ಮರುದಿನ ಪಟ್ಟದಕಲ್ಲಿಗೆ ಬಸ್ಸು. ಅಕ್ಕ ಆಧಾರ್ ತೋರಿಸಿ ಶೂನ್ಯ ದರದ ಚೀಟಿ ಪಡೆದಳು. ನನ್ನದು ಪುಣೆಯ ವಿಳಾಸ, ಪೂರ್ತಿ ದುಡ್ಡು. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಬಂತು. ಅದೇ ವರ್ಷದ ಮಾರ್ಚಿನಿಂದ ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ಟು. ಈ ಯೋಜನೆಗಳ ಖರ್ಚಿನ ಬಗ್ಗೆ ವಾದ ಮಾಡುವವರು ಮಾಡಲಿ, ಅದು ಸರಿಯಾದ ವಾದವೇ. ಆದರೆ ಆಗ ವಾಟ್ಸಾಪಿನಲ್ಲಿ ಹರಿದಾಡಿದ ನಗೆಚಾಟಿಕೆ ಖರ್ಚಿನ ಬಗ್ಗೆ ಇರಲಿಲ್ಲ. ಹೆಂಗಸರು ಕೆಲಸವಿಲ್ಲದೆ ಧರ್ಮಸ್ಥಳಕ್ಕೆ ಹೊರಟರು, ಗಂಡ ಮನೆಯಲ್ಲಿ ಅನ್ನ ಬೇಯಿಸಿಕೊಂಡ ಎಂಬುದೇ ಅದರ ತಿರುಳು. ಗಂಡಸು ಊರ ಕಟ್ಟೆಯ ಮೇಲೆ ಮೂರು ತಾಸು ಕೂತರೆ ಯಾರೂ ಕಾರಣ ಕೇಳುವುದಿಲ್ಲ. ಆ ಬಸ್ಸಿನಲ್ಲಿ ನಮ್ಮ ಹಿಂದೆ ಕೂತಿದ್ದ ಇಬ್ಬರು ಮುದುಕಿಯರು ಎಲ್ಲಿಗೆ, ಯಾಕೆ ಹೊರಟಿದ್ದರೋ, ನಾವು ಕೇಳಲಿಲ್ಲ.

ಪಟ್ಟದಕಲ್ಲಿನಲ್ಲಿ ಎರಡು ಗುಡಿಗಳು ಅಕ್ಕಪಕ್ಕದಲ್ಲಿವೆ. ವಿರೂಪಾಕ್ಷ ಗುಡಿಯನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ್ದು ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಅವನು ಕಂಚಿಯನ್ನು ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು. ಅವಳೂ ಅದೇ ರಾಜನ ರಾಣಿ. ಇಬ್ಬರೂ ಹೈಹಯ ಮನೆತನದ ಹೆಣ್ಣುಮಕ್ಕಳು. ಅಕ್ಕನದು ದೊಡ್ಡದು, ತಂಗಿಯದು ಅದೇ ಮಾದರಿಯಲ್ಲಿ ಸ್ವಲ್ಪ ಚಿಕ್ಕದು. ನಮ್ಮ ಅಕ್ಕ ಎರಡನ್ನೂ ನೋಡಿ, "ಒಬ್ಬನೇ ಗಂಡ, ಅದಕ್ಕ ಇಬ್ರೂ ಗುಡಿ ಕಟ್ಟಿಸಿಕೊಂಡು ಹೊರಗ ಬಿದ್ರು" ಅಂದಳು. ಇತಿಹಾಸಕಾರರು ಒಪ್ಪಲಿಕ್ಕಿಲ್ಲ. ನಾನು ಕಂಬಕ್ಕೆ ಒರಗಿ ನಕ್ಕೆ.

ಇಷ್ಟು ಹೇಳಿದರೆ ಎಲ್ಲ ಸಿಹಿಯೇ ಎಂದುಕೊಳ್ಳಬೇಡಿ. ಲಾಡ್ಜಿನ ಫ್ಯಾನಿನ ವೇಗಕ್ಕೆ ಜಗಳವಾಯಿತು, ನನ್ನ ಗೊರಕೆಗೆ ಇನ್ನೊಂದು. ಕೊನೆಯ ಸಂಜೆ ಅಗಸ್ತ್ಯ ತೀರ್ಥದ ದಂಡೆಯಲ್ಲಿ, ಭೂತನಾಥ ಗುಡಿಯ ಹತ್ತಿರದ ಕಲ್ಲಿನ ಮೇಲೆ ಕೂತಿದ್ದೆವು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅಕ್ಕ ನೀರಿನ ಕಡೆ ನೋಡುತ್ತಲೇ ಹೇಳಿದಳು: "ಅವ್ವ ಹಾಸಿಗಿ ಹಿಡದಾಗ ನೀ ದಿನಾ ಫೋನ್ ಮಾಡಿ ಗುಳಗಿ ಕೊಟ್ಟಿಯೇನು ಅಂತ ಕೇಳ್ತಿದ್ದಿ. ಆ ಎರಡು ವರ್ಷ ನಿನ್ನ ಫೋನ್ ಬಂದ್ರ ನನಗ ಸಿಟ್ಟು ಬರ್ತಿತ್ತು."

ನಾನು ಉತ್ತರ ಹುಡುಕಿದೆ. ನೌಕರಿ, ಮಗನ ಹನ್ನೆರಡನೆಯ ತರಗತಿ, ರಜೆ ಇರಲಿಲ್ಲ. ಎಲ್ಲ ನಿಜ, ಯಾವುದೂ ಹೇಳುವಂಥದ್ದಲ್ಲ. ತಪ್ಪಾಯಿತು ಎಂದೆ. ಅವಳು "ಹೂಂ" ಅಂದಳು. ಅವ್ವ ಸತ್ತು ಆರು ವರ್ಷವಾಗಿತ್ತು. ಆರು ವರ್ಷ ದಿನಾಲೂ ಫೋನಿನಲ್ಲಿ ಮಾತಾಡಿದ್ದೆವು, ಈ ಮಾತು ಬಂದಿರಲಿಲ್ಲ. ಲಗ್ನದ ಮನೆಯಲ್ಲಿ ಬರುತ್ತಿರಲಿಲ್ಲ, ಅವಳ ಅಡುಗೆಮನೆಯಲ್ಲೂ ಬರುತ್ತಿರಲಿಲ್ಲ. ಬಾರದೆ ಹೋಗಿದ್ದರೆ ನಮ್ಮಿಬ್ಬರಲ್ಲಿ ಒಬ್ಬಳು ಅದನ್ನು ಹೊತ್ತುಕೊಂಡೇ ಹೋಗುತ್ತಿದ್ದಳು, ಇನ್ನೊಬ್ಬಳಿಗೆ ಗೊತ್ತೂ ಆಗುತ್ತಿರಲಿಲ್ಲ.

ಚೆನ್ನೈಯಲ್ಲೋ ದೆಹಲಿಯಲ್ಲೋ ಕೂತು ಇದನ್ನು ಓದುತ್ತಿರುವವರು, ನಮಗೆ ಬಿಡುವೆಲ್ಲಿ, ಅವಳಿಗೆ ಮೊಣಕಾಲು ನೋವು, ಮೊಮ್ಮಕ್ಕಳನ್ನು ಯಾರು ನೋಡುತ್ತಾರೆ ಎನ್ನಬಹುದು. ಮೂರು ದಿನ ಆಗದಿದ್ದರೆ ಒಂದು ದಿನ, ಬೆಟ್ಟ ಹತ್ತಲಾಗದಿದ್ದರೆ ಒಂದು ಕೆರೆಯ ದಂಡೆ. ಗಂಡಂದಿರನ್ನು ಕರೆದೊಯ್ಯಬೇಡಿ ಎಂದು ಮಾತ್ರ ಹೇಳುತ್ತೇನೆ. ಅವರು ಒಳ್ಳೆಯವರೇ, ಆದರೆ ಅವರ ಚಹಾದ ಹೊತ್ತು ನಮ್ಮ ಮಾತನ್ನು ಕತ್ತರಿಸುತ್ತದೆ.

ಆಗ ತಂದ ಎರಡನೆಯ ಮರಿಯನ್ನು ಮಣ್ಣಿನ ಕುಂಡದಲ್ಲಿ ನೆಟ್ಟೆ. ಅಕ್ಕ ಹೇಳಿದಂತೆ ಮೊದಲು ಹದಿನೈದು ದಿನ ನೆರಳಲ್ಲಿಟ್ಟೆ, ಮಣ್ಣು ಒಣಗಿದರೆ ಮಾತ್ರ ನೀರು, ಆಗಾಗ ತೆಳ್ಳಗೆ ಮಾಡಿದ ಹುಳಿಮಜ್ಜಿಗೆ. ಒಂದು ವರ್ಷ ಎಲೆ ಕೀಳಲಿಲ್ಲ. ಈಗ ಅದು ನನ್ನ ಸೊಂಟದೆತ್ತರ ಇದೆ, ಹೋದ ಮಳೆಗಾಲದಲ್ಲಿ ಬುಡದಲ್ಲಿ ತಾನೇ ಒಂದು ಮರಿ ಎದ್ದಿತು. ಅಕ್ಕನ ಹಿತ್ತಲಿನ ಗಿಡಕ್ಕೆ ಗೆದ್ದಲು ಹಿಡಿದಿದೆಯಂತೆ. ಈ ಸಲ ಬನವಾಸಿಗೆ ಎಂದು ನಿಕ್ಕಿಯಾಗಿದೆ. ಮರಿಯನ್ನು ನಾನು ಒಯ್ಯಬೇಕು, ಸುತ್ತಲು ಗೋಣಿ ಅವಳು ತರುತ್ತಾಳೆ.