ಭೂತಾನ ಯಾವ ದಿಕ್ಕಿಗಿದೆ, ಸಾಹುಕಾರ್ರೇ?

ಅಡಿಕೆಗೆ ರೇಟು ಬಿದ್ದ ದಿನ ಕುಮಟಾ ಪೇಟೆಯಲ್ಲಿ ಭೂತಾನದ ಹೆಸರು ಕೇಳಿಬರುತ್ತದೆ. ರೇಟು ಏರಿದ ದಿನ ಅಂಥದ್ದೊಂದು ದೇಶ ಇರುವುದೇ ಮರೆತುಹೋಗುತ್ತದೆ. ಚಾಲಿ, ಕೋಕಾ, ಚಿಪ್ಪು ಎಲ್ಲದರ ಟೆಂಡರು ಮುಗಿದು ಎ.ಪಿ.ಎಂ.ಸಿ. ಗೇಟಿನಿಂದ ಹೊರಬಿದ್ದವರು "ಆ ಭೂತಾನದವ್ರು ನಮ್ಮ ಹೊಟ್ಟೆಗೆ ಹೊಡೆದ್ರು ಮಾರಾಯಾ" ಎಂದು ಚಾ ಅಂಗಡಿಯಲ್ಲಿ ಕೂತು ಬೈಯುವುದು ಹೊಸದಲ್ಲ. ಬೈಯಲಿ, ತಪ್ಪಿಲ್ಲ. ಆದರೆ ಆ ಭೂತಾನ ಯಾವ ದಿಕ್ಕಿಗಿದೆ, ಅಲ್ಲಿಂದ ಬರುವ ಅಡಿಕೆ ಎಷ್ಟು, ಅದು ಹಸಿಯೋ ಒಣಗಿದ್ದೋ ಎಂದು ತಿರುಗಿ ಕೇಳಿದರೆ ಬೈದವರೂ ಸುಮ್ಮನೆ, ಕೇಳಿದವರೂ ಸುಮ್ಮನೆ.

ಲೆಕ್ಕ ಏನೂ ಗುಟ್ಟಿನದ್ದಲ್ಲ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಒಪ್ಪಿಗೆ ಕೊಟ್ಟಿತು. ಬೇರೆಯವರಿಗಿರುವ ಕನಿಷ್ಠ ಆಮದು ಬೆಲೆಯ ಕಟ್ಟು ಇದಕ್ಕಿಲ್ಲ. ನಮ್ಮ ದೇಶದಲ್ಲಿ ಬೆಳೆಯುವ ಅಡಿಕೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿದ್ದು. ಅದರ ಮುಂದೆ 17,000 ಅಂದರೆ ನೂರಕ್ಕೆ ಎರಡೂ ಆಗಲಿಲ್ಲ. ಅದೂ ಹಸಿಯದ್ದು! ಸಿಪ್ಪೆ ಸಮೇತದ ಹಸಿ ಅಡಿಕೆ ಒಣಗಿ, ಸುಲಿದು ಚೀಲಕ್ಕೆ ಬೀಳುವಾಗ ಕಾಲು ಭಾಗವೂ ಉಳಿಯುವುದಿಲ್ಲ ಎಂಬುದನ್ನು ಹೊನ್ನಾವರದ ತೋಟದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭೂತಾನದ ತೀರ್ಮಾನ ಸರಿಯೋ ತಪ್ಪೋ ಅದು ಬೇರೆ ಮಾತು. ಆದರೆ ರೇಟು ಬಿದ್ದದ್ದಕ್ಕೆಲ್ಲ ಅದೊಂದೇ ಕಾರಣ ಎಂದು ಕೂತರೆ ನಿಜವಾದ ಕಳ್ಳ ಹಿಂಬಾಗಿಲಿನಿಂದ ಆರಾಮಾಗಿ ಬಂದು ಹೋಗುತ್ತಾನೆ.

ಹಿಂಬಾಗಿಲು ಎಲ್ಲುಂಟು?

ಹಿಂಬಾಗಿಲು ಇರುವುದು ಬರ್ಮಾದ ಕಡೆಗೆ. ಈಗ ಮ್ಯಾನ್ಮಾರ್ ಅನ್ನುತ್ತಾರೆ. ಭಾರತಕ್ಕೂ ಆ ದೇಶಕ್ಕೂ 1,643 ಕಿಲೋಮೀಟರ್ ಗಡಿ ಇದೆ, ಬಹುಪಾಲು ಗುಡ್ಡ ಕಾಡು. ಮಿಜೋರಾಮಿನ ಚಂಫಾಯ್ ಕಡೆ ಅಸ್ಸಾಂ ರೈಫಲ್ಸಿನವರು ಬರ್ಮಾ ಅಡಿಕೆಯ ಚೀಲಗಳನ್ನು ಹಿಡಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹಿಡಿದದ್ದಷ್ಟೇ ಸುದ್ದಿ, ದಾಟಿ ಬಂದದ್ದು ಪೇಟೆಗೆ. 2021ರಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡ ಮೇಲೆ ಆ ದೇಶದಲ್ಲಿ ಒಳಜಗಳ ಹೊತ್ತಿ ಉರಿಯುತ್ತಿದೆ. ಗಡಿಯ ಎಷ್ಟೋ ಕಡೆ ಸರಕಾರ ಅಂದರೆ ಯಾರೆಂದೇ ತಿಳಿಯದು. ಅಲ್ಲಿ ಗುಂಡು ಹಾರಿದರೆ ಇಲ್ಲಿ ಚಾಲಿಯ ಮೇಲೆ ಅದರ ಬಿಸಿ ತಾಗಬಹುದು ಎಂದು ಚಾ ಅಂಗಡಿಯಲ್ಲಿ ಎಷ್ಟು ಜನ ಮಾತಾಡಿದ್ದುಂಟು?

ಕನಿಷ್ಠ ಆಮದು ಬೆಲೆಯ ವಿಷಯವೂ ಹಾಗೇ. 2023ರ ಫೆಬ್ರುವರಿಯಲ್ಲಿ ಅದನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದರು. ಅದಕ್ಕಿಂತ ಅಗ್ಗದ ಅಡಿಕೆ ರಾಜಮಾರ್ಗದಲ್ಲಿ ಒಳಗೆ ಬರುವ ಹಾಗಿಲ್ಲ ಎಂದು ಅದರ ಅರ್ಥ. ಬೆಳೆಗಾರನಿಗೆ ಇದೊಂದು ಬೇಲಿ. ಆದರೆ ಬೇಲಿ ಎಷ್ಟು ಎತ್ತರವಾಯಿತೋ ಕದ್ದು ತರುವವನ ಲಾಭವೂ ಅಷ್ಟೇ ಎತ್ತರ. ಕಳ್ಳಮಾಲು ತಡೆಯಿರಿ ಎಂದು ಮಂಗಳೂರಿನ ಕ್ಯಾಂಪ್ಕೊದವರು ದಿಲ್ಲಿಗೆ ಹಲವು ಸಲ ಬರೆದದ್ದು ಇದಕ್ಕೇ.

ಕಾಳುಮೆಣಸಿನ ಕತೆ ಲಂಕೆಯದ್ದು. ಭಾರತಕ್ಕೂ ಶ್ರೀಲಂಕೆಗೂ 1998ರಲ್ಲಿ ಮುಕ್ತ ವ್ಯಾಪಾರದ ಒಪ್ಪಂದವಾಯಿತು, 2000ದಲ್ಲಿ ಜಾರಿಗೆ ಬಂತು. ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಲಂಕೆಯಲ್ಲಿ ಬೆಳೆದದ್ದು ಬರಲಿ, ಯಾರಿಗೂ ಬೇಜಾರಿಲ್ಲ. ವಿಯೆಟ್ನಾಮಿನ ಮೆಣಸು ಕೊಲಂಬೊದಲ್ಲಿ ಇಳಿದು, ಲಂಕೆಯಲ್ಲೇ ಹುಟ್ಟಿದ್ದೆಂದು ಸರ್ಟಿಫಿಕೇಟು ಮಾಡಿಸಿಕೊಂಡು ಬರುತ್ತದೆ ಎಂಬುದೇ ಬೆಳೆಗಾರರ ದೂರು. ಕೊನೆಗೆ 2017ರ ಡಿಸೆಂಬರಿನಲ್ಲಿ ಮೆಣಸಿಗೂ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆ ಕಟ್ಟಬೇಕಾಯಿತು.

ದಿಲ್ಲಿಗಿಂತ ಕೊಲಂಬೊ ಹತ್ತಿರ

ನೆರೆದೇಶ ಅಂದರೆ ಎಲ್ಲೋ ಉತ್ತರದಲ್ಲಿ ಹಿಮ ಬೀಳುವ ಜಾಗ, ಪರೀಕ್ಷೆಗೆ ಉರುಹೊಡೆಯುವ ಪಾಠ ಎಂದು ಕರಾವಳಿಯವರ ತಲೆಯಲ್ಲಿ ಕೂತುಬಿಟ್ಟಿದೆ. ನಕಾಶೆ ತೆಗೆದು ಭಟ್ಕಳದಿಂದ ನೇರ ಗೆರೆ ಎಳೆದು ನೋಡಿ. ದಿಲ್ಲಿ 1,600 ಕಿಲೋಮೀಟರಿಗೂ ಆಚೆ. ಕೊಲಂಬೊ ಸಾವಿರದೊಳಗೆ! ಹಳಬರಿಗೆ ಸಿಲೋನ್ ಅಂದರೆ ರೇಡಿಯೊ, ಬಿನಾಕಾ ಗೀತಮಾಲಾ. ಹೊಸಬರಿಗೆ ಕ್ರಿಕೆಟ್ ಟೀಮು. 2022ರಲ್ಲಿ ಅಲ್ಲಿ ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ ನಿಂತು, ಜನ ರಾಷ್ಟ್ರಪತಿಯ ಬಂಗಲೆಗೇ ನುಗ್ಗಿದಾಗ ನಮ್ಮಲ್ಲಿ ಮೊಬೈಲಿನಲ್ಲಿ ವಿಡಿಯೊ ನೋಡಿ ನಕ್ಕು ಮುಗಿಯಿತು.

ಹಿಂದಿನವರು ಹೀಗಿರಲಿಲ್ಲ. ಹದಿನಾಲ್ಕನೇ ಶತಮಾನದ ನಡುವೆ ಮೊರಾಕ್ಕೊದ ಇಬ್ನ್ ಬತೂತ ಹೊನ್ನಾವರಕ್ಕೆ ಬಂದವನು ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆ ಕಂಡೆನೆಂದು ಬರೆದಿಟ್ಟಿದ್ದಾನೆ. ಆಮೇಲೆ ಮಾಲ್ಡೀವ್ಸಿಗೆ ಹೋಗಿ ಅಲ್ಲಿ ಖಾಜಿಯೂ ಆದ. ಭಟ್ಕಳದ ಬಂದರಿನಿಂದ ಅಕ್ಕಿ, ಸಕ್ಕರೆ ಹೊರ್ಮುಜಿಗೆ ಹೋಗುತ್ತಿತ್ತು, ಅಲ್ಲಿಂದ ಕುದುರೆ ಬರುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಹೆಸರಿಟ್ಟರು. ಕಡಲಾಚೆ ಯಾರು ರಾಜ, ಯಾವ ಬಂದರಿನಲ್ಲಿ ಎಷ್ಟು ಸುಂಕ ಎಂದು ತಿಳಿಯದೆ ಆ ಕಾಲದಲ್ಲಿ ಒಂದು ಮೂಟೆಯೂ ದೋಣಿ ಹತ್ತುತ್ತಿರಲಿಲ್ಲ.

ಈಗಲೂ ಭಟ್ಕಳದವರಿಗೆ ದುಬೈಯ ದೇರಾ ಪೇಟೆಯ ಗಲ್ಲಿ ಗಲ್ಲಿ ಗೊತ್ತು. ಅನ್ನ ಕೊಡುವ ಊರಿನ ದಾರಿ ಯಾರೂ ಮರೆಯುವುದಿಲ್ಲ, ಸರಿ. ಆದರೆ ಅಲ್ಲೂ ಅರೆ ತಿಳುವಳಿಕೆ ಸಾಲದು. 2018ರಲ್ಲಿ ದುಬೈಯಿಂದ ಬೋಟಿನಲ್ಲಿ ಮೀನು ಹಿಡಿಯಲು ಹೋದ ನಮ್ಮದೇ ಜಿಲ್ಲೆಯ 18 ಮೀನುಗಾರರನ್ನು ಗಡಿ ದಾಟಿದ್ದೀರೆಂದು ಇರಾನಿನವರು ಹಿಡಿದಿಟ್ಟುಕೊಂಡರು. ತಿಂಗಳುಗಟ್ಟಲೆ ಮನೆಯವರು ಕಚೇರಿ ಕಚೇರಿ ಅಲೆಯಬೇಕಾಯಿತು. ನೀರಿನ ಮೇಲೆ ಗೆರೆ ಕಾಣುವುದಿಲ್ಲ, ನಿಜ. ಆದರೆ ಕರೆಯಿಂದ 12 ನಾಟಿಕಲ್ ಮೈಲಿನವರೆಗೆ ಆಯಾ ದೇಶದ್ದೇ ಕಾನೂನು. ಕೂಲಿಗೆ ಹೋಗುವ ಹುಡುಗನಿಗೆ ವೀಸಾದ ಜೊತೆ ಇಷ್ಟನ್ನು ಹೇಳಿ ಕಳಿಸುವವರು ಯಾರು?

ಮನೆ ಬಾಗಿಲಿಗೆ ಬಂದವರು

ನೆರೆದೇಶದವರು ನಮ್ಮ ಊರಲ್ಲೇ ಇದ್ದಾರೆ. ಹೋಟೆಲಿನಲ್ಲಿ ದುಡಿಯುವ, ರಾತ್ರಿ ಅಂಗಡಿ ಕಾಯುವ ನೇಪಾಳಿಯನ್ನು "ಏ ಚೀನಾ" ಎಂದು ಕರೆಯುವವರಿಗೆ, 1950ರ ಒಪ್ಪಂದದ ಪ್ರಕಾರ ಅವನು ಇಲ್ಲಿ ದುಡಿದು ಬಾಳಬಹುದು ಎಂಬುದು ಗೊತ್ತಿಲ್ಲ. ಅವನ ದೇಶದ ಪಶುಪತಿನಾಥನ ಪೂಜೆಗೆ ನಮ್ಮ ಕರ್ನಾಟಕದ ಭಟ್ಟರೇ ಹೋಗುತ್ತಾರೆ ಎಂಬುದೂ ಎಷ್ಟೋ ಜನರಿಗೆ ಹೊಸ ಸುದ್ದಿ. 2009ರಲ್ಲಿ ಅಲ್ಲಿ ಈ ಭಟ್ಟರ ಮೇಲೆ ಹಲ್ಲೆಯಾದಾಗ ಇಲ್ಲಿ ಸಿಟ್ಟು ಬಂತು, ಬರಬೇಕಾದದ್ದೇ. ಹೊರಗಿನವನೆಂದು ಹೀಯಾಳಿಸಿದರೆ ಹೇಗಾಗುತ್ತದೆ ಎಂದು ಆಗಲಾದರೂ ತಿಳಿಯಬೇಕಿತ್ತು.

ಮುರ್ಶಿದಾಬಾದಿನಿಂದ ಗಾರೆ ಕೆಲಸಕ್ಕೆ ಬಂದವನು ಬಂಗಾಳಿ ಮಾತಾಡಿದರೆ ಸಾಕು, "ಬಾಂಗ್ಲಾದವ" ಎಂಬ ಸೀಲು ಬಿತ್ತು. ಬಂಗಾಳ ಎರಡುಂಟು, ಒಂದು ನಮ್ಮದೇ ರಾಜ್ಯ ಎಂದು ಹೇಳಿದರೆ "ಹೌದನಾ?" ಅನ್ನುವವರು ಪೇಟೆಯಲ್ಲಿ ಕಡಿಮೆಯಿಲ್ಲ. ಘಟ್ಟ ಹತ್ತಿದರೆ ಇದೇ ಜಿಲ್ಲೆಯ ಮುಂಡಗೋಡಿನಲ್ಲಿ ಟಿಬೆಟಿನವರು 1966ರಿಂದ ಇದ್ದಾರೆ. ಅವರು ಯಾಕೆ ಬಂದರು ಎಂದು ಕೇಳಿದರೆ, "ಸ್ವೆಟರ್ ಮಾರೂಕೆ" ಎಂಬ ಉತ್ತರ!

ಪಾಕಿಸ್ತಾನವಂತೂ ಈ ಭಾಗದಲ್ಲಿ ದೇಶದ ಹೆಸರಾಗಿ ಉಳಿದಿಲ್ಲ, ಬೈಗುಳವಾಗಿದೆ. ಭಟ್ಕಳದ ಎಷ್ಟೋ ನವಾಯತ ಮನೆತನಗಳ ಒಂದು ಕವಲು ಕರಾಚಿಯಲ್ಲಿದೆ. ಕೊಡು-ಕೊಳ್ಳುವ ಸಂಬಂಧ ದೇಶ ಎರಡಾದ ಮೇಲೂ ನಡೆದಿದೆ. 2025ರ ಏಪ್ರಿಲಿನಲ್ಲಿ ಪಹಲ್ಗಾಮಿನ ಹತ್ಯಾಕಾಂಡವಾದ ಮೇಲೆ ಸರಕಾರ ಪಾಕಿಸ್ತಾನಿಗಳ ವೀಸಾ ರದ್ದು ಮಾಡಿದಾಗ ಇಲ್ಲಿಗೆ ಸೊಸೆಯಾಗಿ ಬಂದವರ ಮನೆಗಳಲ್ಲಿ ಒಲೆ ಹೊತ್ತಿದರೂ ಊಟ ಸೇರಲಿಲ್ಲ. ಕೊಂದವನನ್ನು ಹಿಡಿಯಲೇಬೇಕು, ಅದಕ್ಕೆ ಎರಡು ಮಾತಿಲ್ಲ. ಆದರೆ ಗುಂಡು ಹಾರಿಸಿದವನಿಗೂ ಪಕ್ಕದ ಓಣಿಯ ಸೊಸೆಗೂ ವ್ಯತ್ಯಾಸ ಕಾಣದಷ್ಟು ಕುರುಡುತನ ಯಾವ ದೇಶಭಕ್ತಿ?

1986ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ಸಾರ್ಕ್ ಸಮ್ಮೇಳನ ನಡೆದು ಏಳು ದೇಶಗಳ ದೊಡ್ಡವರು ಒಟ್ಟಿಗೆ ಕೂತಿದ್ದರು. ದೊಡ್ಡವರ ಕೈಕುಲುಕಾಟದಿಂದ ಜನರ ತಿಳುವಳಿಕೆ ಬೆಳೆಯುವುದಿಲ್ಲ ಎಂಬುದಕ್ಕೆ ಇಷ್ಟು ವರ್ಷವೇ ಸಾಕ್ಷಿ.

ಹಾಗಾದರೆ ಮಾಡುವುದೇನು? ದೊಡ್ಡ ಖರ್ಚಿನದ್ದೇನೂ ಬೇಡ. ಆಮದಿನ ಆಜ್ಞೆ ಬಂದಾಗ ಯಾವ ದೇಶ, ಎಷ್ಟು ಟನ್, ಏನು ಸುಂಕ ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದು ಎ.ಪಿ.ಎಂ.ಸಿ. ಬೋರ್ಡಿಗೆ ಅಂಟಿಸಲಿ. ಗಲ್ಫಿಗೆ ಬೋಟಿನ ಕೆಲಸಕ್ಕೆ ಹೋಗುವವರಿಗೆ ಮೀನುಗಾರಿಕೆ ಇಲಾಖೆ ಅರ್ಧ ದಿನ ಕೂರಿಸಿ ಕಡಲ ಗಡಿ ತೋರಿಸಲಿ. ಕುಮಟಾ, ಹೊನ್ನಾವರ, ಭಟ್ಕಳದ ಮೂರೂ ಬಸ್ ಸ್ಟ್ಯಾಂಡಿನಲ್ಲಿ ಜಾಹೀರಾತಿಗೆ ಜಾಗ ಕೊಡುವವರು ಒಂದು ದೊಡ್ಡ ನಕಾಶೆಗೂ ಗೋಡೆ ಕೊಡಲಿ. ಬಸ್ಸು ಹೇಗೂ ಲೇಟು, ಜನ ನಿಂತು ನೋಡುತ್ತಾರೆ. ಮುಂದಿನ ಸಲ ಅಡಿಕೆಗೆ ರೇಟು ಬಿದ್ದಾಗ ಬೈಗುಳವಾದರೂ ಸರಿಯಾದ ದಿಕ್ಕಿಗೆ ಹೋಗಲಿ. ಸಂಬಂಧಪಟ್ಟವರು ಮನಸ್ಸು ಮಾಡುವರೇ?